ಹಳೇ ಪೆಟ್ರೋಲ್ ವೀಡರ್ ದುಡಿದು ಕೆಡಲ್ಲ, ಕೂತು ಕೆಡುತ್ತೆ

ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಕಡೆ ಅಡಿಕೆ ತೋಟ, ಅದರ ಆಚೆ ಒಂದಿಷ್ಟು ಮೆಕ್ಕೆಜೋಳದ ಹೊಲ. ಈ ಎರಡಕ್ಕೂ ಆಗಲಿ ಅಂತ ಹೊನ್ನಾಳಿ ಕಡೆಯ ರೈತರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪವರ್ ವೀಡರ್, ಅಂದ್ರೆ ಕಳೆ ತೆಗೆಯುವ ಯಂತ್ರ, ತಗೊಂಡು ಕೆಲವು ಮಳೆಗಾಲ ಕಳೆದಿವೆ. ಕೊಟ್ಟದ್ದು 18,000 ರೂಪಾಯಿ. 7 ಎಚ್‌ಪಿ, ಪೆಟ್ರೋಲ್, ಬೆಲ್ಟ್ ಮಾದರಿ, ಮುಂದಕ್ಕೆ ಎರಡು ಗೇರು, ಹಿಂದಕ್ಕೆ ಒಂದು. ಮೇಲಿನ ಸ್ಟಿಕ್ಕರ್ ನನ್ನ ಕೈಗೆ ಬರುವ ಹೊತ್ತಿಗೇ ಅರ್ಧ ಕಿತ್ತುಹೋಗಿತ್ತು, ಹಾಗಾಗಿ ಕಂಪನಿ ಹೆಸರು ಕೇಳಬೇಡಿ. ಹೆಸರಿಂದ ಅಂಥ ವ್ಯತ್ಯಾಸವೂ ಆಗಲ್ಲ. ಎಂಜಿನ್ ಮೇಲೆ 170ಎಫ್ ಅಂತ ಇದೆ, 212 ಸಿಸಿ. ಹೋಂಡಾದ ಜಿಎಕ್ಸ್ ಎಂಜಿನ್ನಿನ ವಿನ್ಯಾಸವನ್ನೇ ಹಿಡಿದು ಚೀನಾದಲ್ಲಿ ಮಾಡುವ ಈ ಎಂಜಿನ್ ಹತ್ತಾರು ಬ್ರ್ಯಾಂಡ್‌ಗಳ ಹೊಟ್ಟೆಯೊಳಗೆ ಕೂತಿದೆ. ಹಳೇದು ಕೊಳ್ಳುವವನಿಗೆ ಇದೇ ದೊಡ್ಡ ಅನುಕೂಲ: ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್, ಕಿಡಿ ಹೊಡೆಯುವ ಪ್ಲಗ್, ಹಗ್ಗದ ಸ್ಟಾರ್ಟರ್ ಎಲ್ಲವೂ ದಾವಣಗೆರೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ.

ತೀರ್ಪು ಮೊದಲೇ ಹೇಳಿಬಿಡ್ತೀನಿ. ಎರಡು-ಮೂರು ಎಕರೆ ಇದ್ದು, ಹತ್ತನೇ ನಂಬರ್ ಸ್ಪ್ಯಾನರ್ ಹಿಡಿಯೋಕೆ ಬೇಸರ ಇಲ್ಲದವರಿಗೆ ಹಳೇ ವೀಡರ್ ಒಳ್ಳೆ ವ್ಯಾಪಾರ. ಸ್ಟಾರ್ಟ್ ಆಗದಿದ್ದಾಗಲೆಲ್ಲ ಗಾಡಿಗೆ ಹಾಕಿ ಪೇಟೆಗೆ ಒಯ್ಯುವವರಿಗೆ ಖಂಡಿತ ಅಲ್ಲ. ಆ ಬಾಡಿಗೆ, ಆ ಕಾಯುವಿಕೆ ಎಲ್ಲ ಸೇರಿದರೆ ಹೊಸದರ ಬೆಲೆಗೇ ಹೋಗಿ ನಿಲ್ಲುತ್ತೆ.

ನನ್ನ ಯಂತ್ರಕ್ಕೆ ಬಂದ ತೊಂದರೆಗಳಲ್ಲಿ ಹೆಚ್ಚಿನವು ಕೆಲಸ ಮಾಡುವಾಗ ಬಂದವಲ್ಲ, ಸುಮ್ಮನೆ ನಿಂತಿದ್ದಾಗ ಬಂದವು. ಜೂನ್-ಜುಲೈನಲ್ಲಿ ಮೆಕ್ಕೆಜೋಳಕ್ಕೆ ಎಡೆ ಹೊಡೆದು, ತೋಟದ ಕಳೆ ತೆಗೆದು ಷೆಡ್ಡಿಗೆ ದೂಡಿದರೆ ಮತ್ತೆ ಹೊರಗೆ ಬರೋದು ಮಳೆ ಹಿಂದೆ ಸರಿದ ಮೇಲೆ. ನಡುವೆ ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು, ವೀಡರ್ ಕಡೆ ಯಾರೂ ತಿರುಗಿ ನೋಡಲ್ಲ. ಅಷ್ಟು ದಿನ ಕಾರ್ಬೋರೇಟರ್ ಬಟ್ಟಲಲ್ಲಿ ಉಳಿದ ಪೆಟ್ರೋಲ್ ಮೆಲ್ಲಗೆ ಆವಿಯಾಗಿ, ಕೊನೆಗೆ ಅಂಟಂಟು ಪದರ ಬಿಟ್ಟುಹೋಗುತ್ತೆ. ಪೆಟ್ರೋಲ್ ಹಾಯುವ ಜೆಟ್ಟಿನ ರಂಧ್ರ ಒಂದು ಮಿ.ಮೀ.ಗಿಂತ ಸಣ್ಣದು. ಅದು ಮುಚ್ಚೋಕೆ ಎಷ್ಟು ಬೇಕು?

ಈಗಿನ ಪೆಟ್ರೋಲ್ ಇದನ್ನು ಇನ್ನಷ್ಟು ಬೇಗ ಮಾಡುತ್ತೆ. 2025ರ ಹೊತ್ತಿಗೆ ಅದಕ್ಕೆ ಬೆರೆಸುವ ಎಥೆನಾಲ್ (ಒಂದು ಬಗೆಯ ಆಲ್ಕೋಹಾಲ್) ಪ್ರಮಾಣ ಶೇ 20ಕ್ಕೆ ಬಂತು. ಹೋಂಡಾ ಜಿಎಕ್ಸ್ 160ರ ಹಳೆಯ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿ ಶೇ 10. ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತೆ. ಹೀರಿದ ನೀರು ಒಂದು ಮಟ್ಟ ಮೀರಿದರೆ ನೀರು-ಎಥೆನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತೆ. ಟ್ಯಾಂಕಿನ ತಳದಿಂದಲೇ ಪೈಪು ಹೊರಡೋದು, ಹಾಗಾಗಿ ಎಂಜಿನ್ನಿಗೆ ಮೊದಲು ಸಿಗೋದೂ ಅದೇ. ಮಳೆಗಾಲದ ಷೆಡ್ಡು ಅಂದ್ರೆ ತೇವಕ್ಕೆ ಬರವೇ ಇಲ್ಲ. ನನ್ನದರ ಬಟ್ಟಲನ್ನು ಮೊದಲ ಸಲ ಬಿಚ್ಚಿದಾಗ ಒಳಗೆ ಬಿಳಿ ಪುಡಿ, ಹಸಿರು ಕಲೆ. ಹಿಂದಿನ ಮಾಲೀಕರಿಗೆ ಯಾರೋ ‘ಎಂಜಿನ್ ಬೋರ್ ಹೋಗಿದೆ’, ಅಂದ್ರೆ ಸಿಲಿಂಡರಿನ ಒಳಗೋಡೆ ಸವೆದಿದೆ, ಅಂದಿದ್ದರಂತೆ. ಅದಕ್ಕೇ ಆ ಬೆಲೆಗೆ ಕೊಟ್ಟರು. ಬೋರ್‌ಗೆ ಏನೂ ಆಗಿರಲಿಲ್ಲ.

ಕಾರ್ಬೋರೇಟರ್ ಸ್ವಚ್ಛ ಮಾಡೋದು ಮಹಾ ವಿದ್ಯೆಯೇನಲ್ಲ. ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲಿನ ಕೆಳಗಿನ 10 ಎಂಎಂ ಬೋಲ್ಟ್ ಬಿಚ್ಚಿದರೆ ಬಟ್ಟಲು ಕೈಗೆ ಬರುತ್ತೆ. ಫ್ಲೋಟಿನ ಪಿನ್ ಎಳೆದರೆ ಫ್ಲೋಟ್, ಅದರ ಸೂಜಿ. ನಡುವಿನ ಕಂಬದೊಳಗೆ ಮೇನ್ ಜೆಟ್, ಅದರ ಮೇಲೆ ಸುತ್ತಲೂ ತೂತುಗಳಿರುವ ಹಿತ್ತಾಳೆ ಕೊಳವೆ. ಆ ಕೊಳವೆಯನ್ನು ಬಹಳ ಜನ ಹೊರಗೆ ತೆಗೆಯೋದೇ ಇಲ್ಲ, ಕಸ ಕೂತಿರೋದು ಅಲ್ಲೇ. ಪಕ್ಕದಲ್ಲಿ ಪ್ಲಾಸ್ಟಿಕ್ ತಲೆಯ ಸಣ್ಣ ಪೈಲಟ್ ಜೆಟ್ ಇದೆ, ಐಡ್ಲಿಂಗ್ ನಿಂತಿರೋದು ಅದರ ಮೇಲೆ. ಸ್ಪ್ರೇ ಹೊಡೆದು, ಗಾಳಿ ಬಿಟ್ಟು, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣೋವರೆಗೂ ಬಿಡಬೇಡಿ. ತಂತಿ ತೂರಿಸಲೇಬೇಕಾದರೆ ತಾಮ್ರದ ಒಂದು ಎಳೆ ಸಾಕು, ಉಕ್ಕಿನ ಪಿನ್ನು ಜೆಟ್ಟನ್ನೇ ಅಗಲ ಮಾಡಿಬಿಡುತ್ತೆ.

ಅರ್ಧ ಮುಚ್ಚಿದ ಜೆಟ್ಟಿನ ಗುರುತು ಕಿವಿಗೇ ಸಿಗುತ್ತೆ. ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಏದುಸಿರು ಬಿಡುವ ಎತ್ತಿನ ಹಾಗೆ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಪೆಟ್ರೋಲ್ ಸಾಲದೆ ವೇಗ ಇಳಿದಾಗ ವೇಗ ಸಮ ಇಡುವ ಗವರ್ನರ್ ಥ್ರಾಟಲ್ ತೆರೆಯುತ್ತೆ, ವೇಗ ಏರಿದ ತಕ್ಷಣ ಮುಚ್ಚುತ್ತೆ, ಅದರ ಸದ್ದು ಅದು. ಬಹಳ ಜನ ಇದನ್ನು ಕೇಳಿ ಗವರ್ನರ್ ಸ್ಪ್ರಿಂಗ್ ಎಳೆದು ಬಗ್ಗಿಸ್ತಾರೆ. ಪಾಪ ಗವರ್ನರ್ ತನ್ನ ಕೆಲಸ ಮಾಡ್ತಾ ಇದೆ. ಚೋಕ್ ಅರ್ಧ ಎಳೆದಾಗ ಸದ್ದು ಸಮವಾದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಕಾರ್ಬೋರೇಟರ್ ಗ್ಯಾಸ್ಕೆಟ್ ಹತ್ತಿರ ಎಲ್ಲೋ ಗಾಳಿ ಎಳೀತಿದೆ ಅಂತ ತಿಳಿಯಿರಿ. ಸ್ಪ್ರಿಂಗಿಗೆ ಕೈ ಹಾಕಬೇಡಿ.

ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಮಾತ್ರ ಬೇರೆಯೇ. ಚೆನ್ನಾಗಿ ಸ್ಟಾರ್ಟ್ ಆಗೋದು, ಎರಡು ಸಾಲು ಹೊಡೆಯೋದು, ಬಿಗಿಯಾಗಿ ಉಸಿರು ಕಟ್ಟಿದ ಹಾಗಾಗಿ ನಿಂತುಬಿಡೋದು. ಬೀಡಿ ಸೇದುವಷ್ಟು ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಪೇಟೆಯ ಮೆಕ್ಯಾನಿಕ್ ‘ಕಿಡಿ ಕೊಡುವ ಕಾಯಿಲ್ ಬಿಸಿಯಾಗಿ ಕೈಕೊಡ್ತಿದೆ’ ಅಂದರು, ಕಾಯಿಲ್ ಬದಲಾಯಿತು, ಕಾಯಿಲೆ ಹೋಗಲಿಲ್ಲ. ಕೊನೆಗೆ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಸಡಿಲಿಸಿದೆ, ‘ಸುಸ್’ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದಲ್ಲಿ ಗಾಳಿಗೆ ಅಂತ ಇರುವ ಸಣ್ಣ ತೂತು ಎರೆಮಣ್ಣಿನಿಂದ ಕಟ್ಟಿಹೋಗಿತ್ತು. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಲ್ಲಿ ನಿರ್ವಾತ, ನಿರ್ವಾತ ಹೆಚ್ಚಾದರೆ ಪೆಟ್ರೋಲ್ ಇಳಿಯಲ್ಲ. ಮುಚ್ಚಳ ತೊಳೆದದ್ದಕ್ಕೆ ಖರ್ಚು ಸೊನ್ನೆ. ಹಳೇ ಕಾಯಿಲ್ ಈಗಲೂ ಡಬ್ಬಿಯಲ್ಲಿದೆ, ಚೆನ್ನಾಗೇ ಇದೆ.

ಕರೆಂಟ್ ಕಡೆ ನೋಡಬೇಕಾದ್ದು ಕಮ್ಮಿ. ಹಗ್ಗ ಎಳೆದೂ ಎಳೆದೂ ಸಾಕಾದ ಮೇಲೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲ್ ಬರ್ತಿಲ್ಲ, ಒದ್ದೆಯಾಗಿದ್ದರೆ ಬರ್ತಿದೆ ಆದರೆ ಉರೀತಿಲ್ಲ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ. ಕಿಡಿ ಬರದಿದ್ದರೆ ಹೊಸ ಕಾಯಿಲ್ ತರೋಕೆ ಮುಂಚೆ ಎಂಜಿನ್ ಆಯಿಲ್ ನೋಡಿ. ಕ್ರ್ಯಾಂಕ್ ಕೇಸಿನಲ್ಲಿ ಆಯಿಲ್ ಕಮ್ಮಿಯಾದರೆ ಕಿಡಿ ನಿಲ್ಲಿಸುವ ಸೆನ್ಸರ್ ಈ ಎಂಜಿನ್ನುಗಳಲ್ಲಿ ಸಾಮಾನ್ಯ. ಬದುವಿನ ಇಳಿಜಾರಲ್ಲಿ ಓರೆಯಾಗಿ ನಿಲ್ಲಿಸಿದರೂ ಅದು ‘ಆಯಿಲ್ ಇಲ್ಲ’ ಅಂತ ಹಟ ಹಿಡಿಯುತ್ತೆ. ಸಿಟ್ಟಿಗೆ ಆ ವೈರ್ ಕತ್ತರಿಸಿ ಹಾಕಿದವರನ್ನು ನಮ್ಮೂರಲ್ಲೇ ನೋಡಿದೀನಿ. ಪರೀಕ್ಷೆಗೆ ಅಂತ ಒಂದು ಗಳಿಗೆ ಬಿಚ್ಚಬಹುದು, ಖಾಯಂ ಆಗಿ ಕಿತ್ತರೆ ಎಂಜಿನ್ ಉಳಿಸುವ ಕಾವಲುಗಾರನನ್ನೇ ಮನೆಗೆ ಕಳಿಸಿದಂಗೆ.

ಅಣ್ಣನ ಮಗ ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಅಲ್ಲಿ ಮನೆ ಮುಂದಿನ ಹಿಮ ಎತ್ತಿ ಎಸೆಯೋಕೆ ಸ್ನೋ ಬ್ಲೋವರ್ ಅಂತ ಯಂತ್ರ, ಅವನದೂ ಸೆಕೆಂಡ್ ಹ್ಯಾಂಡ್. ವೀಡಿಯೊ ಕಾಲ್‌ನಲ್ಲಿ ತೋರಿಸಿದ, ಒಂದೇ ಸಿಲಿಂಡರ್, ಹಗ್ಗದ ಸ್ಟಾರ್ಟ್, ನಮ್ಮದರ ದಾಯಾದಿಯೇ. ಅದು ಬೇಸಿಗೆ ಇಡೀ ಗ್ಯಾರೇಜಿನಲ್ಲಿ ಮಲಗಿ ಮೊದಲ ಹಿಮಕ್ಕೆ ಸ್ಟಾರ್ಟ್ ಆಗಲ್ಲ, ನಮ್ಮದು ಕೊಯ್ಲು ಮುಗಿದ ಮೇಲೆ ಆಗಲ್ಲ. ಕಾರಣ ಒಂದೇ. ಒಂದು ವಿಷಯದಲ್ಲಿ ಅವನ ಯಂತ್ರ ಜಾಣ: ಹಿಮ ಎಳೆಯುವ ಸುರುಳಿಗೆ ಮೆದು ಲೋಹದ ಶಿಯರ್ ಪಿನ್ ಇದೆ. ಗಟ್ಟಿ ಮಂಜುಗಡ್ಡೆ, ಕಲ್ಲು ಸಿಕ್ಕರೆ ಪಿನ್ ಮುರೀತದೆ, ಗೇರ್‌ಬಾಕ್ಸ್ ಉಳೀತದೆ. ನನ್ನದರಲ್ಲಿ ಆ ಪಿನ್ ಇಲ್ಲ. ಆದರೆ ಕಲ್ಲಿಗೆ ಬ್ಲೇಡ್ ಕಚ್ಚಿಕೊಂಡಾಗ ಬೆಲ್ಟ್ ಜಾರಿ ಅರ್ಧ ಹೊಡೆತ ನುಂಗಿಕೊಳ್ಳುತ್ತೆ. ಅದಕ್ಕೇ ಹಳೇದು ಕೊಳ್ಳುವವರಿಗೆ ಬೆಲ್ಟ್ ಮಾದರಿಯನ್ನೇ ಹೇಳೋದು. ನೇರ ಗೇರಿನ ಯಂತ್ರಕ್ಕೆ ಬಲ ಜಾಸ್ತಿ ನಿಜ, ಆದರೆ ಅದನ್ನು ಹಿಂದಿನವರು ಎಷ್ಟು ಕಲ್ಲಿಗೆ ಬಡಿದಿದ್ದಾರೆ ಅಂತ ಹೊರಗಿನಿಂದ ಗೊತ್ತಾಗಲ್ಲ.

ಬೆಲ್ಟ್ ಹೊಳಪು ಬಂದು ಜಾರ್ತಿದ್ದರೆ ಮೊದಲು ಕ್ಲಚ್ ಕೇಬಲ್ ಸಡಿಲಾಗಿದೆಯಾ ನೋಡಿ. ಎರಡು ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ, ಹೊಸದು-ಹಳೇದು ಜೋಡಿಯಾದರೆ ಭಾರವೆಲ್ಲ ಹೊಸದರ ಮೇಲೇ.

ನನ್ನ ಯಂತ್ರದ ನಿಜವಾದ ಬಡಕಲು ಜಾಗ ಗೇರ್‌ಬಾಕ್ಸಿನ ಆಯಿಲ್ ಸೀಲ್, ಆಯಿಲ್ ಹೊರಬರದಂತೆ ಷಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಗರಿಕೆ, ಜೇಕು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಹಳೇ ಡ್ರಿಪ್ ಪೈಪಿನ ತುಂಡು, ಇವೆಲ್ಲ ಬ್ಲೇಡಿನ ಷಾಫ್ಟಿಗೆ ಸುತ್ತಿಕೊಂಡು ಒಳಕ್ಕೆ ಸರೀತಾ ಹೋಗಿ ಸೀಲಿನ ತುಟಿ ಕೊಯ್ದುಬಿಡುತ್ತವೆ. ಮೊದಲು ಆಯಿಲ್ ಜಿನುಗುತ್ತೆ, ಆಮೇಲೆ ಅದೇ ದಾರಿಯಲ್ಲಿ ಕೆಸರು ನೀರು ಒಳಗೆ. ಲೆವೆಲ್ ಬೋಲ್ಟ್ ಬಿಚ್ಚಿದಾಗ ಗೇರ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ ಅಂತಲೇ ಅರ್ಥ. ಪೂರ್ತಿ ಸುರಿದು, ಸ್ವಲ್ಪ ಡೀಸೆಲ್‌ನಲ್ಲಿ ತೊಳೆದು, 90 ನಂಬರ್ ಗೇರ್ ಆಯಿಲ್ ತುಂಬಬೇಕು. ಸೀಲ್ ಅಗ್ಗ. ಆದರೆ ಷಾಫ್ಟ್ ಸವೆದು ಗೆರೆ ಬಿದ್ದಿದ್ದರೆ ಹೊಸ ಸೀಲ್ ಕೂಡ ಹೆಚ್ಚು ದಿನ ನಿಲ್ಲಲ್ಲ. ನನ್ನದಕ್ಕೆ ಹರಿಹರದ ಲೇತ್ ಅಂಗಡಿಯಲ್ಲಿ ತೆಳು ಸ್ಲೀವ್ ಕೂರಿಸಿದರು. ಲೇತ್‌ಗಳನ್ನೇ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಇದ್ದ ಊರು ಅದು. ಕಾರ್ಖಾನೆ ಮುಚ್ಚಿ ಕಾಲವಾಯಿತು, ಆ ಕೈಚಳಕ ಇನ್ನೂ ಅಲ್ಲಿನ ಬೀದಿ ಅಂಗಡಿಗಳಲ್ಲಿ ಉಳಿದಿದೆ. ಅಲ್ಲಿಂದೀಚೆಗೆ ದಿನದ ಕೆಲಸ ಮುಗಿದ ಕೂಡಲೇ, ಪ್ಲಗ್ಗಿನ ಕ್ಯಾಪ್ ಕಿತ್ತು, ಷಾಫ್ಟಿಗೆ ಸುತ್ತಿದ್ದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ತೆಗೆದೇ ಮನೆಗೆ ಬರೋದು. ಕ್ಯಾಪ್ ಕೀಳದೆ ಬ್ಲೇಡಿಗೆ ಕೈ ಹಾಕಬಾರದು. ಬಿಸಿ ಎಂಜಿನ್ ಒಂದು ಸಲ ತಿರುಗಿದರೂ ಬೆರಳು ಉಳಿಯಲ್ಲ.

ಇನ್ನು ಹೊಲದಲ್ಲಿ ಹೇಗಿದೆ ಅಂದರೆ, ಹದ ಸಿಕ್ಕರೆ ರಾಜ, ಇಲ್ಲದಿದ್ದರೆ ಶಿಕ್ಷೆ. ಎರೆ ಭೂಮಿ ಹಸಿ ಇದ್ದಾಗ ಇಳಿಸಿದರೆ ಬ್ಲೇಡೆಲ್ಲ ಮಣ್ಣಿನ ಉಂಡೆ, ಒಣಗಿ ಬಿರುಕು ಬಿಟ್ಟಾಗ ಇಳಿಸಿದರೆ ಯಂತ್ರ ಕುಣಿಯುತ್ತೆ, ಹಿಡಿದವನ ರಟ್ಟೆ ಸೋಲುತ್ತೆ. ಮೆಕ್ಕೆಜೋಳ 60 ಸೆಂ.ಮೀ. ಸಾಲಿನಲ್ಲಿದ್ದರೆ ಹೊರಗಿನ ಬ್ಲೇಡ್ ಸೆಟ್ ತೆಗೆದು ಒಳಗಿನದಷ್ಟೇ ಉಳಿಸಿಕೊಳ್ಳಬೇಕು. ಆದರೂ ಗಿಡದ ಬುಡದ ಕಳೆಗೆ ಕುರ್ಪಿ ಬೇಕೇ ಬೇಕು. ಎತ್ತಿನ ಎಡೆಕುಂಟೆಯಷ್ಟು ಹತ್ತಿರ ಇದು ಹೋಗಲ್ಲ. ಅಡಿಕೆ ತೋಟದಲ್ಲಿ ಹಿಂದಿರುವ, ಆಳ ಹೊಂದಿಸುವ ಕಂಬಿಯನ್ನು ಎರಡು-ಮೂರು ಇಂಚಿನ ಆಳಕ್ಕೆ ನಿಲ್ಲಿಸ್ತೀನಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿಕೊಂಡಿರೋದು, ಆಳಕ್ಕೆ ಬಿಟ್ಟರೆ ಕಳೆ ಜೊತೆಗೆ ಬೇರೂ ಹೋಗುತ್ತೆ. ಪೆಟ್ರೋಲ್ ಗಂಟೆಗೆ ಹೆಚ್ಚು ಕಡಿಮೆ ಒಂದು ಲೀಟರ್ ಕುಡಿಯುತ್ತೆ. ಮೈಲೇಜ್ ಅಂತ ಹೊಗಳೋ ಹಾಗಿಲ್ಲ.

ಮಾಮೂಲಿ ಆರೈಕೆ: ಎಂಜಿನ್ ಆಯಿಲ್ 600 ಮಿ.ಲೀ., ಕೈಪಿಡಿ ಪ್ರಕಾರ 100 ಗಂಟೆಗೆ ಅಥವಾ ಆರು ತಿಂಗಳಿಗೆ ಬದಲು. ನಮ್ಮ ಧೂಳಿಗೆ ನಾನು ಅದಕ್ಕಿಂತ ಬೇಗ ಬದಲಿಸ್ತೀನಿ. ಏರ್ ಫಿಲ್ಟರಿನ ಸ್ಪಂಜು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲ್‌ನಲ್ಲಿ ಅದ್ದಿ ಹಿಂಡಿ ಹಾಕಬೇಕು. ಒಣ ಸ್ಪಂಜು ಸಣ್ಣ ಧೂಳನ್ನು ತಡೆಯಲ್ಲ. ಸ್ಟಾರ್ಟಿಂಗ್ ಕಷ್ಟವಾಗ್ತಾ ಬಂದರೆ ವಾಲ್ವ್ ಗ್ಯಾಪ್ ನೋಡಿ, ತಣ್ಣಗಿದ್ದಾಗ ಒಳವಾಲ್ವಿಗೆ 0.15, ಹೊರವಾಲ್ವಿಗೆ 0.20 ಮಿ.ಮೀ. ಷೆಡ್ಡಿಗೆ ಹಾಕುವ ದಿನ ಕಾಕ್ ಬಂದ್ ಮಾಡಿ ಎಂಜಿನ್ ತಾನಾಗಿ ನಿಲ್ಲೋವರೆಗೂ ಓಡಿಸಿ, ಬಟ್ಟಲಿನ ಡ್ರೇನ್ ಬೋಲ್ಟ್ ಬಿಚ್ಚಿ ಉಳಿದ ಹನಿಯನ್ನೂ ಸುರಿಯಿರಿ. ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಹಗ್ಗವನ್ನು ಬಿಗಿ ಸಿಗೋವರೆಗೆ ಮೆಲ್ಲಗೆ ಎಳೆದು ಬಿಡಿ. ಅಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಒಳಗೆ ಹೋಗಲ್ಲ. ಇಲಿ ವಿಷಯ ಮರೀಬೇಡಿ. ಸ್ಟಾರ್ಟರ್ ಹಿಂದಿನ ಫ್ಯಾನ್ ಕವರಿನೊಳಗೆ ಅವು ಅಡಿಕೆ ಸಿಪ್ಪೆ ತುಂಬಿ ಸಂಸಾರ ಹೂಡಿದರೆ ಎಂಜಿನ್ನಿಗೆ ತಂಪುಗಾಳಿ ಬಂದ್.

ಎಕರೆಗಿಂತ ಕಮ್ಮಿ ಇರುವವರು ಕೊಳ್ಳಬೇಡಿ, ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತಾ ವಿಚಾರಿಸಿ. ಕಳೆ ಎಲ್ಲರ ಹೊಲದಲ್ಲೂ ಒಂದೇ ವಾರ ಏಳೋದರಿಂದ ಆಗ ಯಂತ್ರಕ್ಕೆ ಪೈಪೋಟಿ ಇದ್ದೇ ಇರುತ್ತೆ, ಮುಂಚೆ ಹೇಳಿಟ್ಟಿರಬೇಕು. ಕೊಳ್ಳುವವರು ಷಾಫ್ಟ್ ಹಿಡಿದು ಮೇಲೆ-ಕೆಳಗೆ ಅಲ್ಲಾಡಿಸಿ, ಗೇರ್ ಆಯಿಲ್ ಬಣ್ಣ ನೋಡಿ, ಹಗ್ಗ ಎಳೆದಾಗ ಕೈಗೆ ಬಿಗಿ (ಸಿಲಿಂಡರಿನೊಳಗಿನ ಒತ್ತಡ) ಸಿಗುತ್ತಾ ನೋಡಿ. ಬಿಗಿ ಇದ್ದರೆ ಕಾರ್ಬೋರೇಟರ್ ಎಷ್ಟೇ ಕೆಟ್ಟಿರಲಿ, ಅದನ್ನೇ ತೋರಿಸಿ ಚೌಕಾಸಿ ಮಾಡಿ, ಹೊಸ ಕಾರ್ಬೋರೇಟರೇ ಹಾಕಿದರೂ ದೊಡ್ಡ ಖರ್ಚಲ್ಲ. ಬಿಗಿಯೇ ಇಲ್ಲದಿದ್ದರೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ. ಎಲ್ಲಕ್ಕಿಂತ ಮೊದಲು, ಹೋದ ಕೂಡಲೇ ಸೈಲೆನ್ಸರ್ ಹತ್ತಿರ ಅಂಗೈ ಹಿಡಿಯಿರಿ. ಬಿಸಿ ಬಡಿದರೆ ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಚಹಾ ಕುಡಿದು, ‘ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬರ್ತೀನಿ, ಅಲ್ಲಿವರೆಗೂ ಮುಟ್ಟಬೇಡಿ’ ಅಂತ ಹೇಳಿ ಎದ್ದು ಬನ್ನಿ.