ಕಾಪುವಿನ ಕಡಲ ಮನೆಯೋ, ಸಾಲಿಗ್ರಾಮದ ಹಂಚಿನ ಮನೆಯೋ?

ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಬೇಸಿಗೆಗೆ ನಾನು ಮುಂಗಡ ಕೊಟ್ಟಿರುವುದು ಸಾಲಿಗ್ರಾಮದ ಮನೆಗೆ. ಕಾಪುವಿನಲ್ಲಿ ತೆತ್ತ ಹಣದ ಸಂಕಟ ಇನ್ನೂ ಆರಿಲ್ಲ.

ಎರಡೂ ಮುರಕಲ್ಲಿನ ಹಳೆಯ ಮನೆಗಳೇ. ದುರಸ್ತಿ ಮಾಡಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಕಳೆದ ಮೇ ತಿಂಗಳಲ್ಲಿ ಅಮ್ಮನೊಂದಿಗೆ ಒಂದೊಂದರಲ್ಲೂ ಮೂರು ರಾತ್ರಿ ಉಳಿದೆ. ಕಾಪುವಿನಲ್ಲಿ ದಿನಕ್ಕೆ 6,500 ರೂಪಾಯಿ, ಸಾಲಿಗ್ರಾಮದಲ್ಲಿ 3,200.

ನೋಟಕ್ಕೆ ಕಾಪುವೇ ಸೈ. ಜಗಲಿಯಲ್ಲಿ ಕುಳಿತರೆ ಬಂಡೆಯ ಮೇಲಿನ 1901ರ ದೀಪಸ್ತಂಭ ಕಾಣುತ್ತದೆ. ಆ ಸಂಜೆಗಳ ಬಗ್ಗೆ ದೂರಿಲ್ಲ.

ದೂರು ಶುರುವಾದದ್ದು ಬಚ್ಚಲಿನಲ್ಲಿ. ಸೋಪು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ತಲೆಗೆ ಸ್ನಾನ ಮಾಡಿದ ಅಮ್ಮನ ಕೂದಲು ಒಣಗಿದ ಮೇಲೂ ಅಂಟಂಟು. ಅದೇ ನೀರಿನ ಕಾಫಿಯನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ತೊಗರಿಬೇಳೆ ಏಳು ಕೂಗಿಗೂ ಬೇಯಲಿಲ್ಲ. ಅಡುಗೆಗೆ, ಕುಡಿಯಲು, ಕೊನೆಗೆ ಮುಖ ತೊಳೆಯಲೂ ಕ್ಯಾನ್ ನೀರು ತರಿಸಿದೆವು.

ಕೇಳಿದರೆ ಮನೆ ನೋಡಿಕೊಳ್ಳುವವರು, "ಮಳೆ ಬಂದ ಮೇಲೆ ಸರಿಯಾಗುತ್ತದೆ ಅಮ್ಮಾ" ಎಂದರು. ಮಾತಿಗೆ ಮಾತು ಬಂದಾಗ ನಿಜ ಗೊತ್ತಾಯಿತು. ಹಿತ್ತಿಲಿನಲ್ಲಿ ಹಳೆಯ ಬಾವಿಯಿತ್ತಂತೆ. ದುರಸ್ತಿಯ ವೇಳೆ ಅದನ್ನು ಮುಚ್ಚಿ ಹುಲ್ಲುಹಾಸು ಹಾಕಿಸಿ, ಪಕ್ಕದಲ್ಲಿ ಕೊಳವೆಬಾವಿ ಕೊರೆಸಿದ್ದಾರೆ. ಕಡಲಂಚಿನ ಮರಳಿನೊಳಗೆ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಆಳವಿಲ್ಲದ ಬಾವಿಯಿಂದ ಕೊಡದಲ್ಲಿ ಸೇದಿದರೆ ಮೇಲಿನ ಸಿಹಿನೀರೇ ಸಿಗುತ್ತದೆ. ಆಳದಿಂದ ಪಂಪು ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಹಿರಿಯರಿಗೆ ತಿಳಿದಿದ್ದದ್ದನ್ನು ಮುಚ್ಚಿ ಅದರ ಮೇಲೆ ಹುಲ್ಲು ಬೆಳೆಸಿದ್ದಾರೆ. ಆ ಹುಲ್ಲೂ ಅದೇ ನೀರು ಕುಡಿದು ಅರ್ಧ ಹಳದಿಯಾಗಿತ್ತು ಎಂಬುದೊಂದೇ ನನಗೆ ಸಮಾಧಾನ.

ಸಾಲಿಗ್ರಾಮದವರು ಬಾವಿಯನ್ನು ಮುಟ್ಟಿಲ್ಲ. ಕಟ್ಟೆಗೆ ಸುಣ್ಣ ಬಳಿದು, ರಾಟೆಗೆ ಹೊಸ ಹಗ್ಗ ಹಾಕಿದ್ದಾರೆ, ಅಷ್ಟೇ. ನೀರು ಎಳನೀರಿನಂತೆ. ಕಾವಿ ನೆಲ, ಮರದ ಮುಚ್ಚಿಗೆ, ಅದರ ಮೇಲೆ ಮಂಗಳೂರು ಹಂಚು. ಮಧ್ಯಾಹ್ನ ಕರೆಂಟು ಹೋದಾಗಲೂ ಚಾವಡಿಯಲ್ಲಿ ನಿದ್ದೆ ಬಂತು. ಕಾಪುವಿನಲ್ಲಿ ಕರೆಂಟು ಹೋದರೆ ಎ.ಸಿ.ಯೂ ಹೋಯಿತು, ನಿದ್ದೆಯೂ ಹೋಯಿತು.

ಹಾಗೆಂದು ಇಲ್ಲಿ ಎಲ್ಲವೂ ಚಂದವಲ್ಲ. ಬಾಗಿಲು ಗಿಡ್ಡ, ಎರಡು ಸಲ ಹಣೆ ಬಡಿಸಿಕೊಂಡೆ. ರಾತ್ರಿ ಮುಚ್ಚಿಗೆಯ ಮೇಲೆ ಇಲಿಗಳ ಓಡಾಟ. ಕಡಲಿಗೆ ಆಟೋ ಹಿಡಿಯಬೇಕು.

ಅಕ್ಟೋಬರಿನಲ್ಲಿ ಹೋಗಿ, ಹೋಟೆಲಿನಲ್ಲಿ ಉಂಡು, ಎರಡೇ ರಾತ್ರಿ ಇದ್ದು ಬರುವವರಿಗೆ ಕಾಪುವಿನ ಮನೆ ಬೇಸರ ತರಿಸಲಿಕ್ಕಿಲ್ಲ. ನನಗೆ ರಜೆ ಸಿಗುವುದು ಮೇ ತಿಂಗಳಲ್ಲಿ, ದಿನಕ್ಕೆ ನಾಲ್ಕು ಕಾಫಿ ಬೇಕು, ಅಮ್ಮನಿಗೆ ಹೊರಗಿನ ಊಟ ಒಗ್ಗುವುದಿಲ್ಲ. ಅಲ್ಲಿನ ಮೂರು ರಾತ್ರಿಯ ದುಡ್ಡಿಗೆ ಇಲ್ಲಿ ಆರು ರಾತ್ರಿ ಉಳಿಯಬಹುದು. ಮುಂಗಡ ಕೊಟ್ಟಿರುವುದೂ ಆರಕ್ಕೇ.