ಮಡಚುವ ಅಳಗುಳಿ ಮಣೆ: ಮೊಮ್ಮಕ್ಕಳ ಜೊತೆ ಆಡಲು ಹೇಗಿದೆ?

ಮೈಸೂರಿನ ಕರಕುಶಲ ಅಂಗಡಿಗಳಲ್ಲಿ ಸಿಗುವ ಮರದ ಮಡಚುವ ಅಳಗುಳಿ ಮಣೆ ಕೊಳ್ಳುವಾಗ ಮೇಲಿನ ಕೆತ್ತನೆಗಿಂತ ಗುಳಿಯ ಆಳ ನೋಡಿ. 14 ಗುಳಿ, ಗುಳಿಗೆ 5ರಂತೆ 70 ಬೀಜ. ಆಟ ಸಾಗಿದಂತೆ ಒಂದೇ ಗುಳಿಯಲ್ಲಿ ಹತ್ತಕ್ಕೂ ಹೆಚ್ಚು ಕೂಡುತ್ತವೆ. ಆಳ ಸಾಲದಿದ್ದರೆ ಬೀಜ ಉರುಳಿ ಪಕ್ಕದ ಗುಳಿ ಸೇರುತ್ತದೆ, ಲೆಕ್ಕ ಕೆಟ್ಟು ಜಗಳ ಶುರು. ಕೀಲಿನ ತಿರುಪು ಮೇಲೆದ್ದಿದ್ದರೆ ಪುಟ್ಟ ಬೆರಳು ಗೀರುತ್ತದೆ; ಅಂಗಡಿಯಲ್ಲೇ ಸವರಿ ನೋಡಿ.

ಜೊತೆಗೆ ಗುಲಗಂಜಿ ಕೊಟ್ಟರೆ ಬೇಡವೆನ್ನಿ. ನೋಡಲು ಚೆಂದ, ಆದರೆ ಅಗಿದರೆ ವಿಷ. ಹುಣಸೆ ಬೀಜವೇ ಸರಿ: ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ. ಅಂಟು ಉಳಿದರೆ ಎರಡು ಬೀಜ ಒಂದಾಗಿ ಬೀಳುತ್ತವೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸಿಗೆ ಅದೂ ಕೊಡಬಾರದು.

ಲೆಕ್ಕ ಕಲಿಸಲು ಮಗ್ಗಿ ಬಾಯಿಪಾಠಕ್ಕಿಂತ ಈ ಆಟ ಚುರುಕು. ಮೊದಲ ಗುಳಿಯ 5 ಬೀಜವನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚಿದರೆ ಆರನೆಯದರಲ್ಲಿ ಮುಗಿಯುತ್ತವೆ, ಏಳನೆಯದನ್ನು ಎತ್ತಿ ಆಟ ಮುಂದುವರಿಸಬೇಕು. ಎತ್ತಬೇಕಾದ ಗುಳಿ ಖಾಲಿಯಿದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯ ಬೀಜ ನಿಮ್ಮದು. ‘ಎಲ್ಲಿ ಮುಗಿಯುತ್ತೆ ಹೇಳು ಪುಟ್ಟಿ’ ಎಂದು ಅಜ್ಜಿ ಮೊದಲೇ ಕೇಳಿಬಿಟ್ಟರೆ ಮಗು ಬೆರಳು ಮಡಚುವುದನ್ನು ಬಿಟ್ಟು ಮನಸ್ಸಿನಲ್ಲೇ ಕೂಡತೊಡಗುತ್ತದೆ. ಮಂಡಿ ನೋವಿನ ಅಜ್ಜಂದಿರಿಗೆ ಕಾಲುಗಳಿರುವ ಮಣೆಯನ್ನು ಮೇಜಿನ ಮೇಲಿಟ್ಟು ಆಡುವುದು ಹಿತ.