ಪಿಕಪ್‌ಗೆ ಅರ್ಜೆಂಟ್ ಲೋಡ್: ಆ್ಯಪ್, ಫ್ಯಾಕ್ಟರಿ ಮಾಲು, ಕೊರಿಯರ್ ಲೈನ್, ಹೂವು-ಮೀನು. ನಾಲ್ಕರಲ್ಲಿ ಯಾವುದು?

ಹೊಸದಾಗಿ ಪಿಕಪ್ ತಗೊಂಡ ಹುಡುಗರು ಕೇಳುವ ಮೊದಲ ಮಾತು, "ಅಣ್ಣಾ, ಯಾವುದರಲ್ಲಿ ಬಾಡಿಗೆ ಚೆನ್ನಾಗಿದೆ?" ಅರ್ಜೆಂಟ್ ಲೋಡಿಗೆ ಮಾಮೂಲಿ ಲೋಡಿಗಿಂತ ರೇಟು ಜಾಸ್ತಿ ಅಂತ ಯಾರೋ ಹೇಳಿರುತ್ತಾರೆ. ಅದು ನಿಜ. ಆದರೆ ಬರೀ ರೇಟು ನೋಡಿ ಇಳಿಯಬೇಡಿ. ಗಾಡಿ ನಿಂತ ಹೊತ್ತಿಗೆ ದುಡ್ಡು ಯಾರು ಕೊಡುತ್ತಾರೆ, ಖಾಲಿ ವಾಪಸ್ ಬರುವ ಡೀಸೆಲ್ ಯಾರ ತಲೆ ಮೇಲೆ ಬೀಳುತ್ತದೆ, ಇವೆರಡನ್ನು ಮೊದಲು ಕೇಳಿ. ಪೀಣ್ಯದಲ್ಲಿ ಗಾಡಿ ನಿಲ್ಲಿಸಿಕೊಂಡು ನಾನು ನಾಲ್ಕು ಥರದ ಬಾಡಿಗೆಯನ್ನೂ ಓಡಿಸಿದ್ದೇನೆ. ನಾಲ್ಕರಲ್ಲೂ ಈ ಎರಡು ಪ್ರಶ್ನೆಗೆ ಉತ್ತರ ಬೇರೆ ಬೇರೆ.

ಫೋನ್‌ನಲ್ಲೇ ಲೋಡ್ ಬುಕ್ ಆಗುವ ಆ್ಯಪ್‌ಗಳ ವಿಷಯ ಮೊದಲು ಮುಗಿಸಿಬಿಡೋಣ. ಬೆಂಗಳೂರಿನ ಒಳಗೇ ಓಡಾಟ, ಯಾರ ಪರಿಚಯವೂ ಬೇಡ, ದುಡ್ಡು ಬೇಗ ಕೈಗೆ ಬರುತ್ತದೆ. ಆದರೆ ಕಮಿಷನ್ ಹೋಗುತ್ತದೆ, ಲೋಡ್ ಇರುವ ಜಾಗಕ್ಕೆ ಖಾಲಿ ಹೋಗಬೇಕು, ಟ್ರಾಫಿಕ್‌ನಲ್ಲಿ ಅರ್ಧ ದಿನ ಕಳೆಯುತ್ತದೆ. ಇದಕ್ಕೆ ಪಿಕಪ್‌ಗಿಂತ ಟಾಟಾ ಏಸ್ ಒಳ್ಳೆಯದು. ಗಲ್ಲಿಗಳಲ್ಲಿ ನುಗ್ಗುತ್ತದೆ, ಗಾಡಿ, ಮಾಲು ಸೇರಿ ಒಟ್ಟು ತೂಕ 3,000 ಕೆಜಿ ಒಳಗೆ ಇರೋದರಿಂದ ಪರ್ಮಿಟ್ ತಲೆನೋವೂ ಇಲ್ಲ. ಊರು ಕಲಿಯೋಕೆ ಒಂದೆರಡು ತಿಂಗಳು ಓಡಿಸಿ. ಅದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

ಫ್ಯಾಕ್ಟರಿ ಮಾಲು ಬೇರೆಯದೇ ಲೋಕ. ಕಾರು, ಬೈಕು ಮಾಡುವ ಕಂಪನಿಗಳು ಬಿಡಿಭಾಗಗಳನ್ನು ಗೋಡೌನ್‌ನಲ್ಲಿ ವಾರಗಟ್ಟಲೆ ಇಟ್ಟುಕೊಳ್ಳುವುದಿಲ್ಲ, ಗಂಟೆ ಲೆಕ್ಕದಲ್ಲಿ ತರಿಸಿಕೊಳ್ಳುತ್ತಾರೆ. ಪೀಣ್ಯದ ಒಂದು ಸಣ್ಣ ಶೆಡ್‌ನಲ್ಲಿ ಮಾಲು ತಡವಾದರೆ ಬಿಡದಿಯಲ್ಲೋ ಹೊಸೂರಿನಲ್ಲೋ ಚೆನ್ನೈ ಹತ್ತಿರದ ಒರಗಡಂನಲ್ಲೋ ಗಾಡಿ ಜೋಡಿಸುವ ಲೈನೇ ನಿಂತುಬಿಡುತ್ತದೆ. ಹಾಗಾಗಿ ನಾಲ್ಕು ಬಾಕ್ಸ್ ರಬ್ಬರ್ ಬುಷ್‌ಗೆ ಇಡೀ ಪಿಕಪ್ ಕಳಿಸುತ್ತಾರೆ. ಗಾಡಿಗೆ ಭಾರವಿಲ್ಲ, ಟೈರು ಸವೆಯುವುದಿಲ್ಲ, ರೇಟು ಒಳ್ಳೆಯದು. ಕೇಳೋಕೆ ಎಷ್ಟು ಚೆಂದ ಅಲ್ವಾ?

ಕಷ್ಟ ಇರೋದು ಕಾಯುವುದರಲ್ಲಿ. ಸಂಜೆ ಆರಕ್ಕೆ ಫೋನ್ ಬರುತ್ತದೆ, "ಮಾಲು ರೆಡಿ, ಬೇಗ ಬಾ." ಹೋದರೆ ಪ್ಲೇಟಿಂಗ್‌ಗೆ, ಅಂದರೆ ಲೋಹದ ಲೇಪ ಹಾಕಿಸೋಕೆ, ಕಳಿಸಿದ ಮಾಲು ಇನ್ನೂ ವಾಪಸ್ ಬಂದಿರುವುದಿಲ್ಲ. ಬಂದರೂ ಇನ್‌ವಾಯ್ಸ್ ಹೊಡೆಯುವವರು ಊಟಕ್ಕೆ ಹೋಗಿರುತ್ತಾರೆ. ಹೊರಡುವಾಗ ರಾತ್ರಿ ಹತ್ತು, ಆದರೂ ಬೆಳಗ್ಗೆ ಆರಕ್ಕೆ ಒರಗಡಂ ಗೇಟಿನಲ್ಲಿ ಇರಲೇಬೇಕು. ನಿಂತ ನಾಲ್ಕು ಗಂಟೆ ನಿಮ್ಮ ನಿದ್ದೆಯಿಂದ ಕಳೆದಿರುತ್ತದೆ.

ಆ ಕಡೆ ಗೇಟಿನಲ್ಲಿ ಸೆಕ್ಯೂರಿಟಿಯವರು ಮೊದಲು ನೋಡುವುದು ನಿಮ್ಮ ಕಾಲು. ಚಪ್ಪಲಿ ಇದ್ದರೆ ಗಾಡಿ ಹೊರಗೇ. ಸೇಫ್ಟಿ ಶೂ, ಹೆಲ್ಮೆಟ್, ಮಿನುಗುವ ಪಟ್ಟಿಯ ಜಾಕೆಟ್, ಚಕ್ರದ ಕೆಳಗೆ ಇಡೋಕೆ ಎರಡು ಮರದ ತುಂಡು, ಇವು ಗಾಡಿಯಲ್ಲೇ ಇರಲಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಎಮಿಷನ್ ಎಲ್ಲ ಒಂದು ಫೈಲಿನಲ್ಲಿ ಇಟ್ಟಿರಿ. ಎಮಿಷನ್ ನಿನ್ನೆ ಮುಗಿದಿದೆ ಅಂದರೂ ಒಳಗೆ ಬಿಡದ ಗೇಟುಗಳಿವೆ. ಇನ್ನೊಂದು ಮಾತು, ಇದನ್ನು ಯಾರೂ ಹೇಳಿಕೊಡುವುದಿಲ್ಲ: ಗೇಟಿಗೆ ಬಂದ ಟೈಮು, ಹೊರಬಿದ್ದ ಟೈಮು ಎರಡನ್ನೂ ಎಲ್‌ಆರ್ (ಮಾಲಿನ ಜೊತೆ ಟ್ರಾನ್ಸ್‌ಪೋರ್ಟ್‌ನವರು ಕೊಡುವ ಲಾರಿ ರಸೀದಿ) ಕಾಪಿಯ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಿ. ಆ ಕಾಗದ ಇದ್ದರೆ ಮಾತ್ರ ಹಾಲ್ಟಿಂಗ್, ಅಂದರೆ ಗಾಡಿ ನಿಂತ ಹೊತ್ತಿನ ದುಡ್ಡು, ಕೇಳಬಹುದು. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ನನಗೆ ರಾತ್ರಿಯಿಡೀ ನಿಂತದ್ದಕ್ಕೆ ಒಂದು ರೂಪಾಯಿ ಕೊಡಲಿಲ್ಲ, ಕಂಪನಿಯವರು ಟೈಮು ಬರೆದಿಲ್ಲವಲ್ಲ ಅನ್ನೋದೇ ಅವರ ಉತ್ತರ.

ಕೊರಿಯರ್ ಲೈನ್ ಇದಕ್ಕೆ ಪೂರ್ತಿ ಉಲ್ಟಾ. ನೆಲಮಂಗಲ ಅಥವಾ ಹೊಸಕೋಟೆ ಕಡೆಯ ಹಬ್‌ನಿಂದ ರಾತ್ರಿ ಇಷ್ಟು ಗಂಟೆಗೆ ಹೊರಡಬೇಕು, ಮೈಸೂರಿಗೋ ಹಾಸನಕ್ಕೋ ಇಷ್ಟು ಗಂಟೆಗೆ ತಲುಪಬೇಕು, ಎಲ್ಲ ಮೊದಲೇ ಬರೆದಿರುತ್ತದೆ. ಲೋಡ್ ಮಾಡುವವರು ಅವರೇ. ಬಾಗಿಲಿಗೆ ಸೀಲು ಹಾಕುತ್ತಾರೆ, ಸೀಲಿನ ನಂಬರ್ ಮತ್ತು ಶೀಟಿನ ನಂಬರ್ ಒಂದೇ ಇದೆಯಾ ಅಂತ ನೋಡಿ ಫೋಟೋ ತೆಗೆದುಕೊಂಡರೆ ನಿಮ್ಮ ಜವಾಬ್ದಾರಿ ಅಲ್ಲಿಗೆ ಸ್ಪಷ್ಟ. ಲೋಡ್ ಆಗುವಾಗ ಕ್ಯಾಬಿನ್‌ನಲ್ಲಿ ಮಲಗಬಹುದು, ಇದು ಸಣ್ಣ ವಿಷಯ ಅಲ್ಲ. ವಾಪಸ್ ಬರುವಾಗಲೂ ಮಾಲು ಇರುತ್ತದೆ, ಇಲ್ಲದಿದ್ದರೂ ಎರಡೂ ಕಡೆಯ ಕಿಲೋಮೀಟರ್ ಲೆಕ್ಕಕ್ಕೆ ಹಿಡಿಯುತ್ತಾರೆ. ಕಿಲೋಮೀಟರ್ ರೇಟು ಕಡಿಮೆ. ತಡವಾದರೆ ದಂಡ. ಮುಚ್ಚಿದ ಬಾಡಿ ಬೇಕು, ಜಿಪಿಎಸ್ ಬೇಕು. ಬಿಲ್ ಕೊಟ್ಟ ಮೇಲೆ ದುಡ್ಡು ಬರೋಕೆ ತಿಂಗಳು, ಒಂದೂವರೆ ತಿಂಗಳು ಆಗುತ್ತದೆ, ಅಷ್ಟು ದಿನದ ಡೀಸೆಲ್ ಕೈಯಿಂದ ಹಾಕುವ ಶಕ್ತಿ ಇರಬೇಕು.

ಇನ್ನು ಕೆಡುವ ಮಾಲು. ಹೂವಿನ ಲೋಡ್ ನನಗೆ ತುಂಬಾ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಚಿಕ್ಕಬಳ್ಳಾಪುರದ ಕಡೆ ಮಧ್ಯರಾತ್ರಿ ಸೇವಂತಿಗೆ, ಚೆಂಡುಹೂವಿನ ಮೂಟೆ ಹೇರಿಕೊಂಡು ಬೆಳಕು ಹರಿಯುವ ಮೊದಲು ಕೆ.ಆರ್. ಮಾರ್ಕೆಟ್ ಸೇರಬೇಕು. ಬಿಡಿಸಿದ ಹೂವು ಮೂಟೆಯೊಳಗೆ ಬಿಸಿಯಾಗುತ್ತದೆ. ಮೂಟೆಯ ನಡುವೆ ಕೈ ಹಾಕಿ ನೋಡಿ, ಬೆಚ್ಚಗೆ ತಗಲುತ್ತದೆ. ಮಳೆ ಅಂತ ಟಾರ್ಪಾಲು ಬಿಗಿದು ಕಟ್ಟಿದರೆ ಎರಡು ಗಂಟೆಯಲ್ಲಿ ದಳ ಕಂದಿಹೋಗುತ್ತದೆ. ಮೇಲೆ ಕಂಬಿ ಕಟ್ಟಿಸಿ ಟಾರ್ಪಾಲು ಎತ್ತರಕ್ಕೆ ಬರುವ ಹಾಗೆ ಮಾಡಿ, ಹಿಂದೆ ಗಾಳಿ ಆಡೋಕೆ ಜಾಗ ಬಿಡಿ. ನಾಲ್ಕಾರು ರೈತರ ಮೂಟೆ ಒಂದೇ ಗಾಡಿಯಲ್ಲಿ ಬರುತ್ತದೆ, ಬಾಡಿಗೆ ಮೂಟೆ ಲೆಕ್ಕ, ದುಡ್ಡು ಅವತ್ತೇ ಬೆಳಗ್ಗೆ. ಕಾಯುವ ಮಾತೇ ಇಲ್ಲ, ಯಾಕೆಂದರೆ ರೈತನಿಗೂ ನಿಮಗಿಂತ ಜಾಸ್ತಿ ಅವಸರ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆ ಹೊತ್ತಿಗೆ ಗಾಡಿ ಸಾಲುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಲೋಡೂ ಕಮ್ಮಿ. ಆದರೆ ಆ ಊರುಗಳಲ್ಲಿ ನಿಮ್ಮನ್ನು ನಂಬುವ ರೈತರು ಇರಬೇಕು. ಹೊರಗಿನಿಂದ ಹೋಗಿ ನಿಂತರೆ ಮೂಟೆ ಹಾಕುವವರು ಸಿಗುವುದಿಲ್ಲ.

ಮೀನು ಹಾಗಲ್ಲ. ಮಲ್ಪೆಯಿಂದ ಬೆಂಗಳೂರಿಗೆ ಸುಮಾರು 400 ಕಿಮೀ, ಶಿರಾಡಿ ಘಾಟಿ ರಾತ್ರಿ ಹತ್ತಬೇಕು. ಐಸ್ ಕರಗಿದ ನೀರು ರಸ್ತೆಗೆ ಬಿದ್ದರೆ ಹಿಂದೆ ಬರುವ ಬೈಕಿನವರು ಜಾರುತ್ತಾರೆ, ಅದಕ್ಕೆ ನೀರು ಹಿಡಿಯುವ ಟ್ಯಾಂಕ್ ಕಟ್ಟಿಸಲೇಬೇಕು. ಉಪ್ಪುನೀರಿಗೆ ಬಾಡಿ ತುಕ್ಕು ಹಿಡಿಯುತ್ತದೆ, ವಾಸನೆಗೆ ಬೇರೆ ಯಾವ ಮಾಲನ್ನೂ ಹಾಕೋಕಾಗಲ್ಲ. ಅದರ ಮೇಲೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಇಎಂಐಗೆ ಆ ರಜೆ ಇಲ್ಲ. ಘಾಟಿಯ ಅನುಭವ ಇಲ್ಲದವರು ಇದಕ್ಕೆ ಕೈ ಹಾಕಬೇಡಿ, ಅದರಲ್ಲೂ ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮಾಲೂ ಹೋಯಿತು, ಬಾಡಿಗೆಯೂ ಹೋಯಿತು.

ಖಾಲಿ ವಾಪಸ್ ಬರುವ ಲೆಕ್ಕ ಕಾಗದದ ಮೇಲೆ ಹಾಕಿ ನೋಡಿ. ಬೆಂಗಳೂರಿನಿಂದ ಚೆನ್ನೈಗೆ ಸುಮಾರು 350 ಕಿಮೀ, ಹೋಗಿ ಬಂದರೆ 700. ಪಿಕಪ್ ಲೀಟರಿಗೆ 13 ಕೊಟ್ಟರೆ 54 ಲೀಟರ್, ಲೀಟರಿಗೆ 90 ಅಂತ ಹಿಡಿದರೂ 4,860 ರೂಪಾಯಿ ಡೀಸೆಲ್‌ಗೇ ಹೋಯಿತು. ಟೋಲ್ ಬೇರೆ. ಒಂದು ಕಡೆಯ ಬಾಡಿಗೆ ಎಷ್ಟೇ ಚೆನ್ನಾಗಿ ಕಂಡರೂ ಈ ಮೊತ್ತ ಕಳೆದು ಉಳಿದದ್ದೇ ನಿಮ್ಮದು. ಫ್ಯಾಕ್ಟರಿ ಲೋಡಿನಲ್ಲಿ ರಿಟರ್ನ್ ಸಿಗುತ್ತದೆ, ಆದರೆ ಅದಕ್ಕಾಗಿ ಅಲ್ಲಿ ಒಂದು ದಿನ ಕಾದರೆ ಇಲ್ಲಿ ಇನ್ನೊಂದು ಅರ್ಜೆಂಟ್ ಲೋಡ್ ಕಳೆದುಹೋಗುತ್ತದೆ. ನಾನು ಅರ್ಧ ದಿನಕ್ಕಿಂತ ಜಾಸ್ತಿ ಕಾಯುವುದಿಲ್ಲ. ಹೊಸೂರು, ಬಿಡದಿ ಥರ ಹತ್ತಿರದ ಲೋಡ್ ಆದರೆ ಈ ಚಿಂತೆಯೇ ಇಲ್ಲ, ಫ್ಯಾಕ್ಟರಿ ಮಾಲಿಗೆ ಹೊಸಬರಾದವರು ಮೊದಲು ಅಲ್ಲಿಗೇ ಓಡಿಸಿ.

ಗಡಿ ದಾಟುವ ಲೋಡಿಗೆ ಕಾಗದ ಸರಿ ಇರಲಿ. 3,000 ಕೆಜಿ ದಾಟಿದ ಪಿಕಪ್‌ಗೆ ಪರ್ಮಿಟ್ ಬೇಕು, ತಮಿಳುನಾಡಿಗೆ ಹೋಗೋಕೆ ಬರೀ ಕರ್ನಾಟಕದ ಪರ್ಮಿಟ್ ಸಾಲದು, ನ್ಯಾಷನಲ್ ಪರ್ಮಿಟ್ ಮಾಡಿಸಿ. ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆಗೆಯುವ ಬಿಲ್) ಬೇಕು, ಅದು 200 ಕಿಮೀಗೆ ಒಂದು ದಿನದ ಲೆಕ್ಕದಲ್ಲಿ ನಡೆಯುತ್ತದೆ. ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಹಾಕಿದರೆ ಆ ಗಾಡಿ ನಂಬರನ್ನು ಬಿಲ್ಲಿನಲ್ಲಿ ಬದಲಾಯಿಸಿದ ಮೇಲೆಯೇ ಹೊರಡಿ, ಇಲ್ಲದಿದ್ದರೆ ಗಾಡಿ ಮಾಲು ಎರಡೂ ಹಿಡಿಯುತ್ತಾರೆ. ಲೈಸೆನ್ಸ್ ಬಗ್ಗೆ ಹೆದರಿಸುವವರು ಇನ್ನೂ ಇದ್ದಾರೆ. 7,500 ಕೆಜಿವರೆಗಿನ ಸರಕು ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲೇ ಹೇಳಿದೆ.

ನಿದ್ದೆಯ ಮಾತು ಕೈಮುಗಿದು ಹೇಳುತ್ತೇನೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದದ್ದೇ 1961ರಲ್ಲಿ. ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೆ ಮೊದಲು ಅರ್ಧ ಗಂಟೆ ಬಿಡುವು ಅಂತ ಅದರಲ್ಲಿತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಸ್ವಂತ ಗಾಡಿ ಓಡಿಸುವವನನ್ನು ಕೇಳುವವರು ಯಾರೂ ಇಲ್ಲ, ಆ ಲೆಕ್ಕವನ್ನು ನಾವೇ ಪಾಲಿಸಬೇಕು. ಹೊಸ ಪಿಕಪ್ ಹೇಗೂ 80ರ ಮೇಲೆ ಹೋಗುವುದಿಲ್ಲ, ಆದ್ದರಿಂದ ಲೋಡಿಂಗ್‌ನಲ್ಲಿ ಕಳೆದ ಟೈಮನ್ನು ರಸ್ತೆಯಲ್ಲಿ ಹಿಡಿಯೋಕೆ ಹೋಗಬೇಡಿ. ಮೂರು ಗಂಟೆ ಹೊತ್ತಿಗೆ ಕಣ್ಣು ಎಳೆದರೆ ಬಂಕ್‌ನಲ್ಲಿ ನಿಲ್ಲಿಸಿ, ಪಾರ್ಟಿಗೆ ಫೋನ್ ಮಾಡಿ ಒಂದು ಗಂಟೆ ತಡ ಅಂತ ಹೇಳಿ, ಮಲಗಿ.

ನನ್ನ ತೀರ್ಮಾನ ಹೀಗಿದೆ. ಸಾಲದ ಗಾಡಿ, ಕೈಯಲ್ಲಿ ಒಂದೆರಡು ತಿಂಗಳ ಡೀಸೆಲ್ ದುಡ್ಡು ಇದ್ದರೆ ಮೊದಲು ಕೊರಿಯರ್ ಲೈನ್. ಆರೆಂಟು ತಿಂಗಳಲ್ಲಿ ಟೈಮಿಗೆ ತಲುಪುವ ಅಭ್ಯಾಸ ಕೂರುತ್ತದೆ, ಆಮೇಲೆ ಫ್ಯಾಕ್ಟರಿ ಮಾಲಿಗೆ ಹೋಗಿ, ನಾಲ್ಕರಲ್ಲಿ ಹೆಚ್ಚು ಉಳಿಯುವುದು ಅದರಲ್ಲೇ. ನಿಮ್ಮೂರು ಹೂವಿನ ಸೀಮೆಯಲ್ಲಿದ್ದರೆ ಮಾತ್ರ ಹೂವಿನಿಂದಲೇ ಶುರು ಮಾಡಿ, ಬೇರೆ ಯಾವುದೂ ಬೇಡ.

ಫ್ಯಾಕ್ಟರಿ ಲೋಡಿಗೆ ಫೋನ್ ಬಂದಾಗ ಹೂಂ ಅನ್ನುವ ಮೊದಲು ಕೇಳಿ: ಮಾಲು ಪ್ಯಾಕ್ ಆಗಿದೆಯಾ, ಇನ್‌ವಾಯ್ಸ್ ಹೊಡೆದಾಯ್ತಾ, ಎಷ್ಟು ಬಾಕ್ಸ್, ಎಷ್ಟು ತೂಕ, ಎಷ್ಟು ಗಂಟೆ ನಿಂತ ಮೇಲೆ ಹಾಲ್ಟಿಂಗ್ ಶುರು, ಅಡ್ವಾನ್ಸ್ ಎಷ್ಟು, ಬ್ಯಾಲೆನ್ಸ್ ಯಾವತ್ತು? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆದು ಕಳಿಸೋಕೆ ಹೇಳಿ, ಮೆಸೇಜ್ ಬಂದ ಮೇಲೆ ಗಾಡಿ ಸ್ಟಾರ್ಟ್ ಮಾಡಿ.